ಕರತಲದಲ್ಲಿ ದೇವಿ

ಪ್ರಾತಃಕಾಲದಲ್ಲಿ ಕಣ್ತೆರೆದೊಡನೆ ಎರಡೂ ಅಂಗೈಗಳನ್ನು ಜೋಡಿಸಿ ನೋಡಿಕೊಳ್ಳಬೇಕೆಂಬುದು ಹಿರಿಯರು ಹಾಕಿಕೊಟ್ಟ ಸಂಪ್ರದಾಯ. ಬೆರಳುಗಳ ತುದಿಯಲ್ಲಿ ಲಕ್ಷ್ಮಿಯೂ, ಅಂಗೈಯ ನಡುವೆ ಸರಸ್ವತಿಯೂ, ಮಣಿಕಟ್ಟಿನ ಬಳಿಯಲ್ಲಿ ಗೌರಿಯೂ ನೆಲೆಸಿದ್ದಾರೆಂಬ ಭಾವನೆಯಿಂದ ಅವರನ್ನು ನೆನೆದು, ಆ ಬಳಿಕವೇ ಕಾಲನ್ನು ಭೂಮಿಗೆ ಇಡಬೇಕು. ಗೌರಿಯ ಸ್ಥಾನದಲ್ಲಿ ಗೋವಿಂದನನ್ನು ಸ್ಮರಿಸುವ ಪಾಠವೂ ಉಂಟು. ನವರಾತ್ರಿಯ ಪುಣ್ಯದಿನಗಳಲ್ಲಿ ಯಾವ ಮೂವರು ಶಕ್ತಿಯರನ್ನು ಕಲಶದಲ್ಲಿ ಆವಾಹಿಸಿ ಪೂಜಿಸಲಾಗುವುದೋ, ಅದೇ ಮೂವರು ವರ್ಷದ ಎಲ್ಲ ದಿನಗಳಲ್ಲಿಯೂ ಮಾನವನ ಕೈಯಲ್ಲಿಯೇ ಇರುವರು ಎಂಬುದು ಇದರ ತಾತ್ಪರ್ಯ. ದೇವಿಯ ಮೊದಲನೆಯ ಗುಡಿ ಮನುಷ್ಯನ ಕೈ. ಆ ಗುಡಿಯಲ್ಲಿ ನಡೆಯುವ ನಿತ್ಯಪೂಜೆಯೇ ಕೈಯ ಕೆಲಸ. ಆ ಪೂಜೆಯಿಂದ ದೊರೆಯುವ ಪ್ರಸಾದವೇ ಕೈಯಿಂದಾದ ವಸ್ತು.

ಸೋಜಿಗದ ಸಂಗತಿಯೆಂದರೆ, ಋಷಿಗಳು ಈ ಮೂವರು ದೇವಿಯರನ್ನು ಹಣೆಯಲ್ಲಿಯೋ ನಾಲಗೆಯಲ್ಲಿಯೋ ನೋಡಲು ಹೇಳದೆ ಕೈಯಲ್ಲಿ ನೋಡಲು ಹೇಳಿದರು. ನುಡಿದು ಮರೆಯಬಹುದು, ನೆನೆದು ಬಿಡಬಹುದು. ಕೈ ಮಾಡಿದ್ದು ಮಾತ್ರ ಮಾಡಿದವನನ್ನು ಬಿಟ್ಟು ಹೊರಗೆ ಬಂದು, ಇನ್ನೊಬ್ಬನ ಮನೆಯನ್ನು ಸೇರಿ, ಅವನ ಹಸಿವು, ಚಳಿ, ಕತ್ತಲೆಗಳಿಗೆ ಒದಗುತ್ತದೆ. ಒಬ್ಬನ ಆಯುಷ್ಯದ ಒಂದು ಭಾಗವು ಇನ್ನೊಬ್ಬನ ಬಾಳಿನಲ್ಲಿ ಹೀಗೆ ಬಂದು ಸೇರುವುದು. ಕುಂಬಾರನು ಒಂದು ಮಡಕೆಗೆ ಕೊಟ್ಟ ಗಳಿಗೆಗಳು ಅವನಿಗೆ ಮರಳಿ ಬರಲಾರವು. ಅವು ಮಡಕೆಯಲ್ಲಿ ಉಳಿದುಬಿಟ್ಟವು. ಆ ಮಡಕೆಯಲ್ಲಿ ನೀರು ತುಂಬಿಟ್ಟು ಕುಡಿಯುವ ಗೃಹಸ್ಥನು ಕೇವಲ ನೀರನ್ನಲ್ಲ, ಕಾಣದ ಒಬ್ಬ ಬಂಧುವಿನ ಆಯುಷ್ಯವನ್ನೂ ಸ್ವೀಕರಿಸುತ್ತಾನೆ. ಕೈಯಿಂದಾದ ವಸ್ತುವಿನ ನಿಜವಾದ ಬೆಲೆ ಇದೇ. ಅಂಗಡಿಯವನು ಅಂಟಿಸುವ ಚೀಟಿಯ ಮೇಲೆ ಈ ಬೆಲೆಯನ್ನು ಬರೆಯಲಾಗುವುದಿಲ್ಲ.

ದೇವೀಮಾಹಾತ್ಮ್ಯದ ಎರಡನೆಯ ಅಧ್ಯಾಯದಲ್ಲಿ ಬರುವ ಪ್ರಸಂಗವು ಈ ತತ್ತ್ವಕ್ಕೆ ಆಧಾರವಾಗಿದೆ. ಮಹಿಷಾಸುರನ ಬಾಧೆಯನ್ನು ತಾಳಲಾರದ ದೇವತೆಗಳ ತೇಜಸ್ಸೆಲ್ಲವೂ ಒಂದುಗೂಡಿ ದೇವಿಯ ರೂಪವನ್ನು ತಾಳಿತು. ಆಗ ಒಬ್ಬೊಬ್ಬ ದೇವತೆಯೂ ಆಕೆಗೆ ಒಂದೊಂದು ಕಾಣಿಕೆಯನ್ನು ಅರ್ಪಿಸಿದನು. ಶಿವನು ತನ್ನ ಶೂಲದಿಂದಲೇ ಇನ್ನೊಂದು ಶೂಲವನ್ನು ಹೊರತೆಗೆದು ಕೊಟ್ಟನು. ವಿಷ್ಣುವು ತನ್ನ ಚಕ್ರದಿಂದ ಚಕ್ರವನ್ನು ತೆಗೆದುಕೊಟ್ಟನು. ಎಲ್ಲಿಂದಲೋ ತರಿಸಿ ಕೊಡಲಿಲ್ಲ. ತನ್ನದರಲ್ಲಿಯೇ ಒಂದು ಅಂಶವನ್ನು ಬೇರ್ಪಡಿಸಿ ಕೊಟ್ಟರು. ಕ್ಷೀರಸಮುದ್ರನು ಹಾರವನ್ನೂ ಎಂದಿಗೂ ಜೀರ್ಣವಾಗದ ವಸ್ತ್ರಗಳನ್ನೂ ಇತ್ತನು. ದೇವಶಿಲ್ಪಿಯಾದ ವಿಶ್ವಕರ್ಮನು ನಿರ್ಮಲವಾದ ಪರಶುವನ್ನೂ ಭೇದಿಸಲಾಗದ ಕವಚವನ್ನೂ ಕೊಟ್ಟನು. ಜಗನ್ಮಾತೆಯು ಸರ್ವಶಕ್ತಳು, ಆಕೆಗೆ ಕೊಡಲಿಯ ಅಗತ್ಯವೇನು, ಕವಚದ ಅಗತ್ಯವೇನು? ಆದರೂ ಆಕೆ ಶಿಲ್ಪಿಯ ಕೈಕೆಲಸವನ್ನು ಬೇಡವೆನ್ನಲಿಲ್ಲ. ಅದನ್ನು ತೊಟ್ಟು, ಅದನ್ನು ಹಿಡಿದು ಯುದ್ಧಕ್ಕೆ ಹೊರಟಳು. ಮಹಿಷಾಸುರನ ಮೇಲಿನ ವಿಜಯದಲ್ಲಿ ಕುಲುಮೆಯ ಮುಂದೆ ಕುಳಿತವನಿಗೂ ಒಂದು ಪಾಲು ದೊರೆಯಿತು.

ಉಡುಪಿಯ ಕ್ಷೇತ್ರಕ್ಕೆ ಹೋಗಿಬಂದವರು ಕಂಡಿರುವ ಇನ್ನೊಂದು ದೃಶ್ಯವನ್ನೂ ಇಲ್ಲಿ ನೆನೆಯಬಹುದು. ಹದಿಮೂರನೆಯ ಶತಮಾನದಲ್ಲಿ ಶ್ರೀ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಶ್ರೀಕೃಷ್ಣನ ಕೈಯಲ್ಲಿ ಶಂಖವಿಲ್ಲ, ಚಕ್ರವಿಲ್ಲ. ಒಂದು ಕೈಯಲ್ಲಿ ಕಡಗೋಲು, ಇನ್ನೊಂದರಲ್ಲಿ ಹಗ್ಗ. ಈ ಮೂರ್ತಿಯನ್ನು ದ್ವಾರಕೆಯಲ್ಲಿ ವಿಶ್ವಕರ್ಮನೇ ಕಡೆದನೆಂದು ಐತಿಹ್ಯವು ಹೇಳುತ್ತದೆ. ಜಗತ್ತಿನ ಒಡೆಯನು ಭಕ್ತರಿಗೆ ದರ್ಶನವೀಯುವಾಗ ಹಿಡಿದುಕೊಂಡು ನಿಂತದ್ದು ಬಡಗಿಯು ಕೆತ್ತಿದ ಒಂದು ಕೋಲನ್ನು ಮತ್ತು ಯಾರೋ ಹೊಸೆದ ಒಂದು ಹಗ್ಗವನ್ನು! ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿದ ಕಡಗೋಲನ್ನು ದಿನವೂ ಎತ್ತಿಕೊಳ್ಳುವ ಗೃಹಿಣಿಯು ತಾನು ಹಿಡಿದಿರುವುದು ದೇವರ ಕೈಯಲ್ಲಿರುವ ವಸ್ತುವೆಂದು ಅರಿತರೆ, ಆಕೆಯ ಅಡುಗೆಮನೆಯೇ ಗರ್ಭಗುಡಿಯಾಗುವುದು.

ಶಿವಶರಣರು ಈ ಮಾತನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟರು. ಅವರ ಹೆಸರುಗಳಲ್ಲಿಯೇ ಅವರ ಕೈಯ ಕೆಲಸವಿದೆ: ನೆಯ್ಗೆಯ ಜೇಡರ ದಾಸಿಮಯ್ಯ, ಬಿದಿರು ಹೆಣೆಯುವ ಮೇದರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ. ಚಂದಯ್ಯನ ಕಥೆ ಬಹು ಅರ್ಥವತ್ತಾದುದು. ಹಗ್ಗಕ್ಕಾಗಿ ಅವನು ನೀರಿನಲ್ಲಿ ನಿಂತು ಹುಲ್ಲು ಕೊಯ್ಯುತ್ತಿದ್ದಾಗ ಕೊರಳಿನ ಇಷ್ಟಲಿಂಗವು ಜಾರಿ ಬಿದ್ದಿತಂತೆ. ಚಂದಯ್ಯನು ಕಾಯಕವನ್ನು ನಿಲ್ಲಿಸಲಿಲ್ಲ. ಹುಲ್ಲಿನ ಹೊರೆ ಹೊತ್ತು ಹೊರಟವನನ್ನು ಲಿಂಗದೇವನೇ ಬೆನ್ನುಹತ್ತಿ ಬಂದು ತನ್ನನ್ನು ಸ್ವೀಕರಿಸೆಂದು ಬೇಡಿದನಂತೆ. ಮಡಿವಾಳ ಮಾಚಯ್ಯನು ನಡುವೆ ನಿಂತು ಸಮಾಧಾನ ಹೇಳಿದನು. ಕೊನೆಗೆ ಲಿಂಗದೇವನೂ ಒಂದು ಕಾಯಕವನ್ನು ಹಿಡಿಯಬೇಕೆಂದು ತೀರ್ಮಾನವಾಯಿತು. ಚಂದಯ್ಯನು ಹೊಸೆದ ಹಗ್ಗವನ್ನು ಮಾರಿಕೊಂಡು ಬರುವುದೇ ಆ ಕಾಯಕ. ಹಗ್ಗವನ್ನು ಬಸವಣ್ಣನವರು ಭಕ್ತಿಯಿಂದ ಮಿತಿಮೀರಿದ ಹಣ ಕೊಟ್ಟು ಕೊಂಡಾಗ, ಚಂದಯ್ಯನು ಅದನ್ನು ಒಪ್ಪಲಿಲ್ಲ. ಹಗ್ಗಕ್ಕೆ ಸಲ್ಲಬೇಕಾದಷ್ಟೇ ಸಾಕು, ಹೆಚ್ಚಿನದು ಕಾಯಕದ್ದಲ್ಲ ಎಂದನು.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಕೈಯ ಕೆಲಸವು ಪೂಜೆಗೆ ಅಡ್ಡಿಯಲ್ಲ, ಅದೇ ಪೂಜೆಯೆಂಬುದು ಮೊದಲನೆಯದು. ಎರಡನೆಯದು ಬೆಲೆಗೆ ಸಂಬಂಧಿಸಿದ್ದು. ಮಾಡಿದವನು ಹೆಚ್ಚು ಕೇಳಬಾರದು. ಕೊಳ್ಳುವವನು ಕಡಿಮೆ ಕೊಡಬಾರದು. ಮೊದಲ ಅರ್ಧವನ್ನು ಚಂದಯ್ಯನು ನಡೆಸಿ ತೋರಿಸಿದನು. ಉಳಿದ ಅರ್ಧವನ್ನು ನಡೆಸಬೇಕಾದವರು ಕೊಳ್ಳುವ ಗೃಹಸ್ಥರು.

ಹರಳಯ್ಯನ ಕಥೆಯಾದರೋ ಕೇಳುವವರ ಮೈಯಲ್ಲಿ ರೋಮಾಂಚವನ್ನುಂಟುಮಾಡುವುದು. ದಾರಿಯಲ್ಲಿ ಎದುರಾದ ಹರಳಯ್ಯನು ಶರಣೆಂದಾಗ ಬಸವಣ್ಣನವರು ಶರಣು ಶರಣಾರ್ಥಿಯೆಂದು ಎರಡು ಪಟ್ಟು ಗೌರವವನ್ನು ಮರಳಿಸಿದರು. ಆ ಒಂದು ಹೆಚ್ಚಿನ ಶರಣಿನ ಋಣವನ್ನು ಹೇಗೆ ತೀರಿಸಲೆಂದು ಹರಳಯ್ಯನೂ ಆತನ ಪತ್ನಿ ಕಲ್ಯಾಣಮ್ಮನೂ ಚಿಂತಿಸಿ, ತಮ್ಮ ತಮ್ಮ ತೊಡೆಯ ಚರ್ಮವನ್ನು ತೆಗೆದು ಹದಮಾಡಿ ಒಂದು ಜೊತೆ ಪಾದರಕ್ಷೆಗಳನ್ನು ಹೊಲಿದು ತಂದರು. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ; ತಲೆಯ ಮೇಲೆ ಹೊತ್ತುಕೊಂಡರು. ಪ್ರತಿಯೊಂದು ಕೈಕೆಲಸವೂ ಒಂದರ್ಥದಲ್ಲಿ ಹರಳಯ್ಯನ ಪಾದರಕ್ಷೆಯೇ. ಮಾಡಿದವನ ಮೈ ಅದರಲ್ಲಿ ಸವೆದಿದೆ. ಕಾಣುವ ಕಣ್ಣಿದ್ದವರು ತಲೆಯ ಮೇಲೆ ಹೊರುತ್ತಾರೆ. ಕಾಣದವರು ಮೆಟ್ಟಿ ನಡೆಯುತ್ತಾರೆ.

ಇಂಥ ಪರಂಪರೆಯಲ್ಲಿ ಹುಟ್ಟಿ ಬೆಳೆದು, ಹೊಟ್ಟೆಪಾಡಿಗಾಗಿಯೂ ವಿದ್ಯೆಗಾಗಿಯೂ ಮುಂಬಯಿಯನ್ನು ಸೇರಿದ ಕನ್ನಡಿಗರು ದಿನವೂ ಹಾದುಹೋಗುವ ಸ್ಥಳಗಳಲ್ಲಿ ಬೈಕುಲ್ಲಾ ಒಂದು. ಕೈಗಳ ಕಥೆಯನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಬೇರೊಂದು ಬಡಾವಣೆ ಈ ಮಹಾನಗರದಲ್ಲಿ ದೊರೆಯುವುದು ಕಷ್ಟ. ಖಂಡೇನವಮಿ ಮತ್ತು ದಸರೆಯ ದಿನಗಳಲ್ಲಿ ಇಲ್ಲಿ ಸುತ್ತಾಡುವವನಿಗೆ ಗ್ಯಾರೇಜುಗಳಲ್ಲಿ, ಸಣ್ಣ ಕಾರ್ಖಾನೆಗಳಲ್ಲಿ, ಹೋಟೆಲುಗಳಲ್ಲಿ ಪೂಜೆಯ ಸಂಭ್ರಮ ಕಾಣುತ್ತದೆ. ಪಾನೆ, ಸುತ್ತಿಗೆ, ಇಕ್ಕಳಗಳು ತೊಳೆದು ಒರೆಸಿದ ಮಣೆಯ ಮೇಲೆ ಕುಳಿತು ಅರಿಶಿನ ಕುಂಕುಮಗಳನ್ನು ಧರಿಸುತ್ತವೆ. ಟ್ಯಾಕ್ಸಿಗಳ ಕೊರಳಿಗೆ ಚೆಂಡುಹೂವಿನ ಮಾಲೆ ಬೀಳುತ್ತದೆ. ಉಡುಪಿಯವರ ಹೋಟೆಲಿನಲ್ಲಿ ದೋಸೆಯ ಕಾವಲಿಗೂ ರುಬ್ಬುವ ಯಂತ್ರಕ್ಕೂ ಮಂಗಳಾರತಿ. ಇದು ಯಾವ ಭೇದವೂ ಇಲ್ಲದೆ ದುಡಿಯುವ ಕೈಗಳೆಲ್ಲವೂ ಆಚರಿಸುವ ಹಬ್ಬ.

ಇದೇ ಬೈಕುಲ್ಲಾದ ರಾಣಿಬಾಗಿನಲ್ಲಿ, ಅಂದರೆ 1862ರಲ್ಲಿ ತೆರೆದು ಈಗ ವೀರಮಾತಾ ಜೀಜಾಬಾಯಿಯ ಹೆಸರನ್ನು ಹೊತ್ತಿರುವ ಉದ್ಯಾನದಲ್ಲಿ, ನಗರದ ಅತ್ಯಂತ ಹಳೆಯ ವಸ್ತುಸಂಗ್ರಹಾಲಯವಿದೆ. 1872ರ ಮೇ 2ರಂದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಎಂಬ ಹೆಸರಿನಿಂದ ಜನರಿಗೆ ತೆರೆದ ಈ ಸಂಸ್ಥೆಗೆ 1975ರಲ್ಲಿ ಅದರ ಸ್ಥಾಪನೆಗಾಗಿ ದುಡಿದ ವೈದ್ಯ ಹಾಗೂ ವಿದ್ವಾಂಸ ಡಾ. ಭಾವು ದಾಜಿ ಲಾಡರ ಹೆಸರನ್ನಿಡಲಾಯಿತು. ಇದರ ಮೂಲವು 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿದೆ. ಅಲ್ಲಿಗೆ ಭಾರತದ ಕುಶಲವಸ್ತುಗಳು ಹೋದ ಪ್ರಸಂಗದಲ್ಲಿಯೇ ಅಂಥ ಒಂದು ಸಂಗ್ರಹವು ಮುಂಬಯಿಯಲ್ಲಿಯೂ ಇರಬೇಕೆಂಬ ಯೋಚನೆ ಚಿಗುರಿತು. ಲೋಹದ ಪಾತ್ರೆಗಳು, ದಂತ ಹಾಗೂ ಮರದ ಕೆತ್ತನೆಗಳು, ಬಣ್ಣದ ಮಣ್ಣಿನ ಹೂಜಿಗಳು ಇಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಇವೆ. ಅವುಗಳ ನಡುವೆ ಮಕ್ಕಳನ್ನು ಬಹುವಾಗಿ ಆಕರ್ಷಿಸುವ ಮಣ್ಣಿನ ಪುಟ್ಟ ಬೊಂಬೆಗಳಿವೆ. ನಾನಾ ಕಸುಬುಗಳವರು ತಮ್ಮ ತಮ್ಮ ಕೆಲಸಗಳಲ್ಲಿ ತೊಡಗಿರುವುದನ್ನು ಅವು ತೋರಿಸುತ್ತವೆ. ದಸರೆಯಲ್ಲಿ ಬೊಂಬೆಗಳನ್ನು ಕೂರಿಸುವ ಮೈಸೂರು ಸೀಮೆಯ ಮನೆಗಳಿಂದ ಬಂದವರಿಗೆ ಇದೊಂದು ವರ್ಷವಿಡೀ ನಡೆಯುವ ಗೊಂಬೆಹಬ್ಬದಂತೆ ತೋರಿದರೆ ಆಶ್ಚರ್ಯವಿಲ್ಲ.

ಆದರೆ ನೋಡುವವನು ಒಂದು ಗಳಿಗೆ ನಿಂತು ಯೋಚಿಸಬೇಕು. ಆ ಪಾತ್ರೆಯಲ್ಲಿ ಈಗ ಯಾರೂ ನೀರು ಕುಡಿಯುವುದಿಲ್ಲ; ಆ ಹೂಜಿಯನ್ನು ಯಾರೂ ಸೊಂಟದ ಮೇಲೆ ಹೊರುವುದಿಲ್ಲ. ಒಂದು ಕಾಲದಲ್ಲಿ ದಿನಬಳಕೆಯಲ್ಲಿದ್ದ ವಸ್ತುವು ಗಾಜಿನ ಹಿಂದೆ ಸರಿದಾಗ ಅದಕ್ಕೆ ಗೌರವವು ಹೆಚ್ಚಿತು, ಆದರೆ ಬಾಳು ಮುಗಿಯಿತು. ಮಾಡಿದವರ ಹೆಸರುಗಳು ಬಹುಪಾಲು ಉಳಿದಿಲ್ಲ. ದೇವರ ಮೂರ್ತಿಗೆ ನಿತ್ಯಪೂಜೆ ನಿಂತರೆ ಅದು ಶಿಲೆಯಾಗಿಯೇ ಉಳಿಯುವುದೆಂದು ಹಿರಿಯರು ಹೇಳುವರಷ್ಟೆ? ಕೈಕೆಲಸದ ವಸ್ತುವಿಗೆ ನಿತ್ಯಬಳಕೆಯೇ ನಿತ್ಯಪೂಜೆ. ಸಂಗ್ರಹಾಲಯವು ತನ್ನ ಕರ್ತವ್ಯವನ್ನು ಚೆನ್ನಾಗಿ ಮಾಡಿದೆ. ಹಳೆಯ ಕಟ್ಟಡವನ್ನು ಐದು ವರ್ಷಗಳ ಕಾಲ ಜೀರ್ಣೋದ್ಧಾರಮಾಡಿ 2008ರಲ್ಲಿ ಮತ್ತೆ ತೆರೆದ ಪರಿಗೆ ಯುನೆಸ್ಕೋದ ಪ್ರಶಸ್ತಿಯೂ ದೊರೆತಿದೆ. ಗಾಜಿನ ಈಚೆಗೆ ಇರುವ ಮನೆಗಳ ಕರ್ತವ್ಯವನ್ನು ಮಾತ್ರ ಆ ಮನೆಯವರೇ ಮಾಡಬೇಕು.

ಸಂಗ್ರಹಾಲಯದ ಹೊರಗೆ, ಮರಗಳ ನೆರಳಿನಲ್ಲಿ, ಒಂದು ಕಲ್ಲಿನ ಆನೆ ನಿಂತಿದೆ. ಇದು ಘಾರಾಪುರಿಯ ದ್ವೀಪದಲ್ಲಿದ್ದ ಆನೆ; ಇದನ್ನು ಕಂಡೇ ಪೋರ್ತುಗೀಜರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರು. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸಲೆಂದು ಎತ್ತುವಾಗ ಯಂತ್ರದ ಸರಪಳಿ ತುಂಡಾಗಿ ಆನೆ ಕೆಳಗೆ ಬಿದ್ದು ಒಡೆಯಿತು. ಅನಂತರ ಅದರ ತುಂಡುಗಳು ಈ ಉದ್ಯಾನಕ್ಕೆ ಬಂದವು. 1914ರಲ್ಲಿ ಅವನ್ನು ಮತ್ತೆ ಜೋಡಿಸಿ ನಿಲ್ಲಿಸಲಾಯಿತು. ಹೆಸರರಿಯದ ಶಿಲ್ಪಿಗಳ ಕೈಯಿಂದ ಒಮ್ಮೆ ಹುಟ್ಟಿ, ಜೋಡಿಸುವವರ ಕೈಯಿಂದ ಎರಡನೆಯ ಬಾರಿ ಎದ್ದುನಿಂತ ಈ ಗಜರಾಜನು, ದಸರೆಯಲ್ಲಿ ಆನೆಯನ್ನು ನೆನೆಯದೆ ಇರಲಾರದ ಕನ್ನಡಿಗನಿಗೆ ಒಂದು ಮಾತನ್ನು ಹೇಳುವಂತಿದ್ದಾನೆ: ಕೈ ಮಾಡಿದ್ದು ಮುರಿದರೆ ಕೈಯೇ ಅದನ್ನು ಮತ್ತೆ ಕೂಡಿಸಬಲ್ಲದು, ಮುರಿದೊಡನೆ ಎಸೆಯಬೇಡಿ.

ಬೈಕುಲ್ಲಾದ ಕಥೆಯಲ್ಲಿ ಯಂತ್ರಕ್ಕೂ ದೊಡ್ಡ ಸ್ಥಾನವುಂಟು. 1853ರಲ್ಲಿ ಬೋರಿಬಂದರದಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕರ ರೈಲು ಸಾಗಿದ್ದು ಈ ದಾರಿಯಲ್ಲಿಯೇ. ಬೈಕುಲ್ಲಾದಿಂದ ಚಿಂಚ್‌ಪೋಕಳಿ, ಲಾಲ್‌ಬಾಗ್, ಪರೇಲ್‌ಗಳವರೆಗೆ ಬಟ್ಟೆಯ ಗಿರಣಿಗಳು ಎದ್ದವು. ಊರಿಗೆ ಊರೇ ಗಿರಣಗಾಂವ್ ಎನಿಸಿತು. ಬಾವಟೆಯ ಕೂಗಿಗೆ ಏಳುತ್ತಿದ್ದ ಆ ಕೇರಿಗಳ ಚಾಳುಗಳಲ್ಲಿ ನಾನಾ ಭಾಷೆಯ ಶ್ರಮಿಕರು ಒಟ್ಟಾಗಿ ಬಾಳಿದರು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರಲ್ಲಿ ಬಹುಮಂದಿ ಮತ್ತೆ ಗಿರಣಿಯ ಬಾಗಿಲನ್ನು ಕಾಣಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ನೆಲದ ಮೇಲೆ ಗಗನಚುಂಬಿ ಕಟ್ಟಡಗಳು ಏರಿದವು. ಹಳ್ಳಿಯ ಕೈಮಗ್ಗವನ್ನು ಹಿಂದಕ್ಕೆ ತಳ್ಳಿದ್ದು ಗಿರಣಿ. ಆ ಗಿರಣಿಯನ್ನೂ ಕಾಲವು ಹಿಂದಕ್ಕೆ ತಳ್ಳಿತು. ಎರಡು ಸಲವೂ ಬರಿದಾದದ್ದು ಕೈಗಳೇ.

ಆದುದರಿಂದ ಯಂತ್ರವನ್ನು ದ್ವೇಷಿಸಬೇಕೆಂದು ಹೇಳುವುದು ಧರ್ಮವಲ್ಲ. ಮಗ್ಗವೂ ಒಂದು ಯಂತ್ರವೇ, ರಾಟೆಯೂ ಯಂತ್ರವೇ, ಕುಂಬಾರನ ತಿಗರಿಯೂ ಯಂತ್ರವೇ. ಗಿರಣಿಯ ಸಾಂಚಾದ ಮುಂದೆ ನಿಂತು, ತುಂಡಾದ ಎಳೆಯನ್ನು ಕ್ಷಣದಲ್ಲಿ ಹುಡುಕಿ ಗಂಟುಹಾಕುತ್ತಿದ್ದ ಕಾರ್ಮಿಕನ ಬೆರಳಿನಲ್ಲಿಯೂ ಲಕ್ಷ್ಮಿ ಇದ್ದಳು. ಆಯುಧಪೂಜೆಯಂದು ಸಾಂಚಾಕ್ಕೆ ಅವನು ಹಚ್ಚಿದ ಕುಂಕುಮವು ದೇವಿಗೆ ಸಂದಿತು. ದೋಷವಿರುವುದು ಯಂತ್ರದಲ್ಲಲ್ಲ, ಮರೆವಿನಲ್ಲಿ. ಸಾವಿರ ವಸ್ತುಗಳು ಒಂದೇ ಅಚ್ಚಿನಲ್ಲಿ ಬಂದು ಮನೆ ತುಂಬಿದಾಗ, ವಸ್ತುವಿನ ಹಿಂದೆ ಒಬ್ಬ ಮನುಷ್ಯನಿದ್ದಾನೆಂಬ ಅರಿವೇ ಮಾಸಿಹೋಗುವುದು. ಮರೆತವನು ಸುಲಭವಾಗಿ ಎಸೆಯುತ್ತಾನೆ. ಎಸೆದವನು ಮತ್ತೆ ಕೊಳ್ಳುತ್ತಾನೆ. ಎಷ್ಟು ಕೊಂಡರೂ ತೃಪ್ತಿಯಿಲ್ಲ. ಕೊಡುವವರಿಗೆ ಮರಳಿ ಏನನ್ನೂ ಕೊಡದೆ ತಾನೊಬ್ಬನೇ ಭೋಗಿಸುವವನು ಕಳ್ಳನೇ ಸರಿಯೆಂದು ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು ಹೇಳಿದ್ದು ದೇವತೆಗಳ ವಿಷಯದಲ್ಲಿ ಹೇಗೋ ಹಾಗೆ ದುಡಿಯುವವರ ವಿಷಯದಲ್ಲಿಯೂ ಸತ್ಯ. ಕೈಯಿಂದಾದ ವಸ್ತುವು ಈ ಮರೆವಿಗೆ ಮದ್ದು. ಅದರ ಅಂಚಿನ ಒಂದು ಸಣ್ಣ ಓರೆಯೂ ಬಣ್ಣದ ಒಂದು ಹೆಚ್ಚುಕಡಿಮೆಯೂ ಇಲ್ಲೊಬ್ಬನು ಕುಳಿತಿದ್ದನೆಂದು ನೆನಪಿಸುತ್ತವೆ.

ದೇವಿಯ ಪೂಜೆಯ ಸಾಮಗ್ರಿಯನ್ನೇ ನೋಡಿದರೆ ಈ ಮಾತು ಮನದಟ್ಟಾಗುವುದು. ಕಲಶಕ್ಕೆ ಕಂಚುಗಾರನ ಚೊಂಬು ಬೇಕು, ಘಟಕ್ಕೆ ಕುಂಬಾರನ ಮಡಕೆ ಬೇಕು, ಬಾಗಿನಕ್ಕೆ ಮೇದರವರ ಮೊರ ಬೇಕು, ಉಡಿಸಲು ನೇಕಾರನ ಸೀರೆ ಬೇಕು. ಮುತ್ತೈದೆಯರು ಹತ್ತಿಯನ್ನು ಬಿಡಿಸಿ, ಬೆರಳಿನಿಂದ ತಿದ್ದಿ, ಅಲ್ಲಲ್ಲಿ ಕುಂಕುಮವನ್ನು ಹಚ್ಚಿ ಗೆಜ್ಜೆವಸ್ತ್ರವನ್ನು ಮಾಡುತ್ತಾರೆ; ಹೂಬತ್ತಿಯನ್ನು ಹೊಸೆಯುತ್ತಾರೆ. ಊರಿನ ಎಲ್ಲ ಕೇರಿಗಳ ಕೈಗಳೂ ಕೂಡದೆ ಒಂದು ಪೂಜೆಯೂ ಮುಗಿಯದಂತೆ ಪೂರ್ವಿಕರು ವ್ಯವಸ್ಥೆ ಮಾಡಿದ್ದರು. ಆದರೆ ಮಡಕೆಯನ್ನು ಒಳಗೆ ಕರೆದವರು ಕುಂಬಾರನನ್ನೂ, ಪಾದರಕ್ಷೆಯನ್ನು ಮೆಟ್ಟಿದವರು ಹೊಲಿದವನನ್ನೂ ಎಷ್ಟೋ ಕಾಲ ಹೊಸ್ತಿಲಾಚೆಯೇ ನಿಲ್ಲಿಸಿದರು ಎಂಬುದು ಅಷ್ಟೇ ನಿಜ. ಹರಳಯ್ಯನಿಗೆ ಶರಣೆಂದ ಬಸವಣ್ಣನವರು ತಿದ್ದಹೊರಟದ್ದು ಈ ಅಧರ್ಮವನ್ನೇ. ವಸ್ತುವನ್ನು ಪೂಜಿಸಿ ಮಾಡಿದವನನ್ನು ದೂರವಿಡುವ ಪೂಜೆಯನ್ನು ಜಗನ್ಮಾತೆಯು ಒಪ್ಪಳು.

ಕನ್ನಡನಾಡಿನ ಕೈಕೆಲಸಗಳಲ್ಲಿ ಎಷ್ಟು ತಾಳ್ಮೆ ಅಡಗಿದೆಯೆಂಬುದನ್ನು ತಿಳಿದವರು ಅವನ್ನು ಲಘುವಾಗಿ ಕಾಣಲಾರರು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸುನೂಲುಗಳನ್ನೂ ಸೆರಗಿನ ಹಾಸುನೂಲುಗಳನ್ನೂ ಒಂದಕ್ಕೊಂದು ಕುಣಿಕೆಹಾಕಿ ಕೂಡಿಸುವರು. ಎಳೆಗೆ ಎಳೆ ಸೇರದೆ ಸೆರಗು ಹುಟ್ಟದು. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಹಾಕಬೇಕು. ಮೊದಲೇ ಬರೆದುಕೊಂಡ ಗೆರೆಯಿಲ್ಲ, ಗಂಟಿಲ್ಲ. ಗವಂತಿ ಮತ್ತು ಮುರಗಿ ಎಂಬ ಹೊಲಿಗೆಗಳಲ್ಲಿ ಬಟ್ಟೆಯ ಒಳಮೈಯೂ ಹೊರಮೈಯಂತೆಯೇ ಕಾಣುತ್ತದೆ. ಒಳಗೂ ಹೊರಗೂ ಒಂದೇ ಆಗಿರುವುದು ಸಾಧುವಿನ ಲಕ್ಷಣವೆಂದು ಶಾಸ್ತ್ರಗಳು ಹೇಳುವುದನ್ನು ನಮ್ಮ ನಾಡಿನ ಅಕ್ಷರವರಿಯದ ತಾಯಂದಿರು ಸೂಜಿಯಿಂದ ಬರೆದಿಟ್ಟರು. ಗೋಪುರ, ತುಳಸಿಕಟ್ಟೆ, ತೇರು, ಅಂಬಾರಿಯ ಆನೆ ಎಲ್ಲವೂ ಅವರ ಸೆರಗಿನಲ್ಲಿ ಮೂಡಿದವು. ಕುರುಬರ ಕಂಬಳಿಯಾದರೋ ಹುಣಿಸೆಬೀಜದ ಗಂಜಿಯನ್ನು ಉಂಡು ಗಟ್ಟಿಯಾಗಿ, ಮಳೆಗೆ ಕೊಪ್ಪೆಯೂ, ಚಳಿಗೆ ಹೊದಿಕೆಯೂ, ದೇವರಿಗೆ ಗದ್ದುಗೆಯೂ ಆಗುವುದು.

ಸ್ವತಂತ್ರ ಭಾರತವು ತನ್ನ ಧ್ವಜಕ್ಕೂ ಕೈಯ ನೂಲನ್ನೇ ಆರಿಸಿಕೊಂಡಿತ್ತು. 1957ರಲ್ಲಿ ಸ್ಥಾಪನೆಯಾದ, ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಪ್ರಮಾಣಿತ ರಾಷ್ಟ್ರಧ್ವಜಗಳು ಸಿದ್ಧವಾಗಿ ದೇಶದ ನಾನಾ ಭಾಗಗಳಿಗೆ ಹೋಗುತ್ತವೆ. ಅಳತೆಯಲ್ಲಿ, ಬಣ್ಣದಲ್ಲಿ, ಅಶೋಕಚಕ್ರದ ಇಪ್ಪತ್ತನಾಲ್ಕು ಅರಗಳಲ್ಲಿ ಒಂದು ಕೂದಲಷ್ಟು ವ್ಯತ್ಯಾಸವಾಗದಂತೆ ನೋಡಿಕೊಳ್ಳುವ ಅಲ್ಲಿನ ಕೆಲಸಗಾರರಲ್ಲಿ ಮಹಿಳೆಯರೇ ಹೆಚ್ಚು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದಾದ ಮತ್ತು ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿ ದೊರೆಯಿತು. ಧ್ವಜವು ಅಗ್ಗವಾಗಿ ಮನೆಮನೆಗೂ ತಲಪುವುದು ಒಳ್ಳೆಯದೇ. ಆದರೆ ಯಾವ ಧ್ವಜವನ್ನು ಏರಿಸಬೇಕೆಂಬುದನ್ನು ಈಗ ನಿಯಮವಲ್ಲ, ಏರಿಸುವವನ ಮನಸ್ಸೇ ತೀರ್ಮಾನಿಸಬೇಕಾಗಿದೆ. ದಿನಬಳಕೆಯ ಎಲ್ಲ ವಸ್ತುಗಳ ಸ್ಥಿತಿಯೂ ಇಂದು ಹೀಗೆಯೇ ಇದೆ. ಕೈಯ ವಸ್ತುವು ಬೇರೆ ದಾರಿಯಿಲ್ಲದೆ ಕೊಳ್ಳುವ ವಸ್ತುವಾಗಿ ಉಳಿದಿಲ್ಲ. ಆರಿಸಿಕೊಂಡರೆ ಮಾತ್ರ ಅದು ಉಳಿಯುವುದು.

ಮಹಾನಗರದ ಗೃಹಸ್ಥನು ಇಲ್ಲಿ ತನ್ನ ಕಷ್ಟವನ್ನು ಮುಂದಿಡಬಹುದು. ಮನೆ ಚಿಕ್ಕದು, ಲೋಕಲ್ ರೈಲಿನಲ್ಲಿಯೇ ದಿನದ ಎರಡು ಮೂರು ಗಂಟೆಗಳು ಕಳೆಯುತ್ತವೆ, ಕೈಯಿಂದಾದ ವಸ್ತು ದುಬಾರಿ. ಈ ಮಾತಿನಲ್ಲಿ ಸುಳ್ಳಿಲ್ಲ. ಎಲ್ಲವೂ ಕೈಯಿಂದಾದುದೇ ಇರಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲ. ಎಲೆ, ಹೂ, ಹಣ್ಣು, ನೀರು ಇವುಗಳಲ್ಲಿ ಯಾವುದನ್ನು ಭಕ್ತಿಯಿಂದ ಕೊಟ್ಟರೂ ಸ್ವೀಕರಿಸುವೆನೆಂದವನು ಮನೆಯ ಅಳತೆಯನ್ನು ಕೇಳುವನೆ? ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಕೈಕೆಲಸವನ್ನು ಹೊಗಳುವುದು ಸುಲಭ. ಕುಣಿಮಗ್ಗದಲ್ಲಿ ದಿನವಿಡೀ ಕಾಲು ಇಳಿಬಿಟ್ಟು ಕುಳಿತವನ ಬೆನ್ನಿನ ನೋವು ಹೊಗಳಿಕೆಯಿಂದ ಇಳಿಯುವುದಿಲ್ಲ. ಅವನ ಮಗನು ಮಗ್ಗವನ್ನು ಬಿಟ್ಟು ನಗರಕ್ಕೆ ಬಂದರೆ ಅವನನ್ನು ದೂಷಿಸುವ ಅಧಿಕಾರ, ಅದೇ ದಾರಿಯಲ್ಲಿ ಬಂದ ನಗರವಾಸಿಗಳಿಗಿಲ್ಲ. ಸರಿಯಾದ ಬೆಲೆಯನ್ನು ಕೊಡದ ಮೆಚ್ಚುಗೆ, ನೈವೇದ್ಯವಿಲ್ಲದ ಮಂಗಳಾರತಿಯಂತೆ.

ಆದುದರಿಂದ ನವರಾತ್ರಿಯಲ್ಲಿ ಅಂಗೈಯ ಮೂವರು ದೇವಿಯರ ಹೆಸರಿನಲ್ಲಿ ಮೂರು ಸಣ್ಣ ವ್ರತಗಳನ್ನು ಹಿಡಿಯುವುದು ಯೋಗ್ಯ.

ಮೊದಲನೆಯದು ಸರಸ್ವತಿಯ ವ್ರತ: ಮನೆಯಲ್ಲಿ ಒಂದು ವಸ್ತುವನ್ನಾದರೂ ಕೈಯಿಂದ ಮಾಡುವುದು, ಮಕ್ಕಳಿಗೆ ಕಲಿಸುವುದು. ಪ್ಲಾಸ್ಟಿಕ್ಕಿನ ತೋರಣವನ್ನು ವರ್ಷವಿಡೀ ಬಾಗಿಲಿಗೆ ತೂಗಹಾಕುವುದಕ್ಕಿಂತ, ಮಾವಿನೆಲೆ ಚೆಂಡುಹೂಗಳನ್ನು ಮಗುವಿನ ಕೈಯಲ್ಲಿ ಪೋಣಿಸಿ ಒಂದು ದಿನ ಕಟ್ಟಿದರೆ ಸಾಕು. ಗೆಜ್ಜೆವಸ್ತ್ರವನ್ನು ಪೊಟ್ಟಣದಲ್ಲಿ ಕೊಳ್ಳುವ ಬದಲು ಅಜ್ಜಿಯ ಬಳಿ ಮೊಮ್ಮಗಳು ಕುಳಿತು ಒಂದು ಎಳೆ ಮಾಡಲಿ. ಅದು ಸೊಟ್ಟಗಾಗಬಹುದು. ದೇವಿಗೆ ಸೊಟ್ಟ ಕಾಣುವುದಿಲ್ಲ, ಬೆರಳು ಕಾಣುತ್ತದೆ. ಆ ಹೊತ್ತಿನಲ್ಲಿ ಅಜ್ಜಿಯ ಬಾಯಿಂದ ಬರುವ ಕನ್ನಡವೂ ಮೊಮ್ಮಗಳಿಗೆ ಹಾಸುಹೊಕ್ಕಾಗಿ ಸೇರುವುದು; ಮಹಾನಗರದಲ್ಲಿ ಭಾಷೆಯನ್ನು ಉಳಿಸುವ ದಾರಿಗಳಲ್ಲಿ ಇದೂ ಒಂದು.

ಎರಡನೆಯದು ಲಕ್ಷ್ಮಿಯ ವ್ರತ: ಹಬ್ಬಕ್ಕೆ ಕೊಳ್ಳುವ ವಸ್ತುಗಳಲ್ಲಿ ಒಂದನ್ನಾದರೂ ಮಾಡಿದವನ ಕೈಯಿಂದಲೇ ಕೊಳ್ಳುವುದು, ಅವನು ಕೇಳಿದ ನ್ಯಾಯವಾದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡುವುದು. ದೊಡ್ಡ ಮಳಿಗೆಯಲ್ಲಿ ತುಟಿ ಬಿಚ್ಚದೆ ಸಾವಿರಗಳನ್ನು ತೆರುವವರು ಪಾದಚಾರಿಯ ಹಾದಿಯಲ್ಲಿ ಹಣತೆ ಮಾರುವ ಮುದುಕಿಯ ಮುಂದೆ ಎರಡು ರೂಪಾಯಿಗೆ ವಾದಮಾಡುವುದು ಲಕ್ಷ್ಮಿಗೆ ಮಾಡುವ ಅಪಚಾರ. ಸಾಧ್ಯವಾದರೆ ಆಕೆಯ ಹೆಸರನ್ನೂ ಊರನ್ನೂ ಕೇಳಬೇಕು. ಹೆಸರಿನಿಂದ ಕರೆಯಲ್ಪಟ್ಟ ಕ್ಷಣದಲ್ಲಿ ಮಾರುವವಳು ಮನುಷ್ಯಳಾಗುತ್ತಾಳೆ, ಕೊಳ್ಳುವವನೂ ಮನುಷ್ಯನಾಗುತ್ತಾನೆ.

ಮೂರನೆಯದು ಗೌರಿಯ ವ್ರತ: ಮನೆಯಲ್ಲಿರುವ ಒಂದು ಹಳೆಯ ವಸ್ತುವನ್ನು ಎಸೆಯದೆ ಸರಿಪಡಿಸಿಕೊಳ್ಳುವುದು. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ತಾಯಿಯ ಸೀರೆಯ ಹರಿದ ಅಂಚನ್ನು ಹೊಲಿದು ಹಬ್ಬದ ದಿನ ಉಡಬಹುದು. ಅಟ್ಟದ ಮೇಲಿನ ಹಿತ್ತಾಳೆಯ ದೀಪಕ್ಕೆ ಬೆಸುಗೆ ಹಾಕಿಸಿ ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಬಹುದು. ಸೃಷ್ಟಿಸುವುದು ಎಷ್ಟು ಪುಣ್ಯವೋ ಕಾಪಾಡುವುದೂ ಅಷ್ಟೇ ಪುಣ್ಯ. ಜಗತ್ತನ್ನು ಮುರಿಯದಂತೆ ಹಿಡಿದಿರುವ ತಾಯಿಯ ಕೆಲಸದಲ್ಲಿ ಗೃಹಸ್ಥನು ಹೀಗೆ ತನ್ನ ಕಿರುಬೆರಳಿನ ನೆರವನ್ನು ನೀಡುವನು.

ವಿಜಯದಶಮಿಯ ಸಂಜೆ ಉತ್ತರ ಕರ್ನಾಟಕದವರು ಬನ್ನಿಯನ್ನು ಕೊಟ್ಟು ಬಂಗಾರದಂತೆ ಇರೋಣವೆಂದು ಹಾರೈಸುತ್ತಾರೆ. ಮುಂಬಯಿಯ ಮರಾಠೀ ನೆರೆಹೊರೆಯವರು ಆಪಟೆಯ ಎಲೆಯನ್ನು ಸೋನೆ ಎಂದು ಕೈಗಿಡುತ್ತಾರೆ. ಎಲೆಯು ಬಂಗಾರವಾಗುವುದು ಯಾವಾಗ? ಗಿಡದ ಮೇಲಿದ್ದಾಗ ಅದು ಎಲೆ. ಅಂಗಡಿಯ ರಾಶಿಯಲ್ಲಿದ್ದಾಗಲೂ ಎಲೆ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಪ್ರೀತಿಯಿಂದ ದಾಟುವ ಆ ಒಂದು ಕ್ಷಣದಲ್ಲಿ ಅದು ಬಂಗಾರ. ಮಣ್ಣು ಮಡಕೆಯಾಗುವುದೂ, ನೂಲು ಸೀರೆಯಾಗುವುದೂ, ಬಿದಿರು ಮೊರವಾಗುವುದೂ ಇದೇ ದಾಟುವಿಕೆಯಿಂದ. ಕೈಗೆ ಬಂದ ಬಂಗಾರವನ್ನು ಬಂಗಾರವೆಂದು ಗುರುತಿಸುವ ಕಣ್ಣು ಬೇಕು, ಅಷ್ಟೆ.

ಹತ್ತು ಕೈಗಳಿಂದ ಜಗತ್ತನ್ನು ಕಾಪಾಡುವ ತಾಯಿಯು, ಎರಡೇ ಕೈಗಳಿಂದ ಅನ್ನವನ್ನು ಸಂಪಾದಿಸುವ ಎಲ್ಲರನ್ನೂ ಕಾಪಾಡಲಿ. ದುಡಿಯುವ ಕೈಗೆ ಕೆಲಸವನ್ನೂ, ಕೆಲಸಕ್ಕೆ ತಕ್ಕ ಫಲವನ್ನೂ, ಕೊಳ್ಳುವ ಕೈಗೆ ಔದಾರ್ಯವನ್ನೂ ಕರುಣಿಸಲಿ. ಪರಊರಿನಲ್ಲಿ ಬಾಳುವ ಕನ್ನಡಿಗರ ಮನೆಗಳಲ್ಲಿ ಕೈಯಿಂದ ಹೊಸೆದ ಒಂದು ಬತ್ತಿಯಾದರೂ ಉರಿಯುತ್ತಿರಲಿ. ಅದರ ಬೆಳಕಿನಲ್ಲಿ ಹೊಸೆದವರ ಮುಖವೂ ಕಾಣಲಿ.